ಆರ್ಗಂಡಿ ಹೂಗಳು

ಶ್ರೀನಿವಾಸಪುರದಲ್ಲಿ ಮಾವಿನ ಕಾಲ ಬಂತೆಂದರೆ ಮಂಡಿ ರಸ್ತೆಯ ಮನೆಗಳಿಗೆ ಧೂಳಿನ ಕಾಲ. ಕಾಯಿ ತುಂಬಿದ ಲಾರಿ, ಟೆಂಪೊ, ಟ್ರ್ಯಾಕ್ಟರುಗಳು ಬೆಳಗಾಗುವ ಮುಂಚೆಯೇ ಓಡಾಡತೊಡಗುತ್ತವೆ. ಕಿಟಕಿ ಮುಚ್ಚಿದರೂ ಸಂದಿಯಲ್ಲಿ ನುಸುಳುವ ಕೆಂಪು ಧೂಳು ಟೀವಿಯ ಮೇಲೆ, ದೇವರ ಪಟದ ಮೇಲೆ, ಕೊನೆಗೆ ಮುಚ್ಚಿಟ್ಟ ಅನ್ನದ ಪಾತ್ರೆಯ ಮೇಲೂ ಕೂರುತ್ತದೆ. ಗಟ್ಟಿಮುಟ್ಟಾಗಿದ್ದಾಗ ಸುನಂದ ದಿನಕ್ಕೆರಡು ಸಲ ಒರೆಸುತ್ತಿದ್ದಳು. ಈಗ ಐದು ತಿಂಗಳಿಂದ ಹಾಲಿನ ಕುರ್ಚಿಯಲ್ಲಿ ದಿಂಬಿಗೊರಗಿ ಕೂತು, ಧೂಳು ಬೀಳುವುದನ್ನು ನೋಡುವುದಷ್ಟೇ ಅವಳ ಪಾಲಿಗೆ ಉಳಿದಿತ್ತು.

ಡಿಸೆಂಬರಿನಲ್ಲಿ ಒಂದು ದಿನ ಅಂಗನವಾಡಿಯಲ್ಲಿ ಮಕ್ಕಳಿಗೆ ಮೊಟ್ಟೆ ಹಂಚುತ್ತಿದ್ದಳು. ಕೈಯಲ್ಲಿದ್ದ ಮೊಟ್ಟೆ ತಾನಾಗಿ ಜಾರಿತು. ಬಗ್ಗಿ ನೋಡುವಷ್ಟರಲ್ಲಿ ಅವಳೂ ಜಾರಿದ್ದಳು. ಲಕ್ವ ಹೊಡೆದಿತ್ತು. ಕೋಲಾರದ ಆಸ್ಪತ್ರೆಯಿಂದ ಹದಿನೆಂಟು ದಿನದ ಮೇಲೆ ಮನೆಗೆ ಬಂದಾಗ ಬಲಗೈ, ಬಲಗಾಲು ಅವಳವಾಗಿರಲಿಲ್ಲ. ಮಾತೂ ಹೋಗಿತ್ತು. ಪೂರ್ತಿ ಹೋಗಿದ್ದರೆ ಒಂದು ಲೆಕ್ಕವಾಗುತ್ತಿತ್ತೇನೋ. ಒಂದೇ ಒಂದು ಮಾತು ಉಳಿದುಕೊಂಡಿತ್ತು. ನೀರು ಬೇಕೆಂದರೂ, ಬೆನ್ನು ನೋಯುತ್ತದೆಂದರೂ, ಮಗಳ ಹೆಸರು ಹಿಡಿದು ಕರೆಯಹೋದರೂ ಬಾಯಿಂದ ಬರುತ್ತಿದ್ದುದು 'ನಾಳೆ' ಎಂಬುದೊಂದೇ. ಒಳಗೆ ಎಲ್ಲ ಸರಿಯಾಗಿಯೇ ಇತ್ತು. ಹೇಳಬೇಕಾದ ವಾಕ್ಯ ಇಡಿಯಾಗಿ, ಒತ್ತು ದೀರ್ಘ ಸಮೇತ, ನಾಲಿಗೆಯ ಹಿಂದೆ ಬಂದು ನಿಲ್ಲುತ್ತಿತ್ತು. ಬಾಯಿ ತೆರೆದರೆ ನಾಳೆ. ಬರೆದು ತೋರಿಸೋಣವೆಂದರೆ ಇಪ್ಪತ್ತೆರಡು ವರ್ಷ ಮಕ್ಕಳ ಕೈ ಹಿಡಿದು ತಿದ್ದಿಸಿದ ಅಕ್ಷರಗಳೇ ಈಗ ಅವಳ ಕಣ್ಣಿಗೆ ಚದುರಿದ ಇರುವೆಗಳ ಹಾಗೆ ಕಾಣುತ್ತಿದ್ದವು.

ಗಂಡ ಉಮಾಶಂಕರನಿಗೆ ತಾಲ್ಲೂಕು ಕಚೇರಿಯ ಎದುರು ಜೆರಾಕ್ಸ್ ಅಂಗಡಿ. ಮಗಳು ಚೈತನ್ಯ ಕೋಲಾರದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎಡ್. ಓದುತ್ತಿದ್ದಳು, ಪರೀಕ್ಷೆ ಮುಗಿಯುವ ತನಕ ಬರುವಂತಿರಲಿಲ್ಲ. ಆದ್ದರಿಂದ ಅಡುಗೆ, ಮಾತ್ರೆ, ಸ್ನಾನ, ಬಟ್ಟೆ ಎಲ್ಲ ಉಮಾಶಂಕರನದೇ. ಅನ್ನ ಒಂದು ದಿನ ಮುದ್ದೆಯಾದರೆ ಇನ್ನೊಂದು ದಿನ ಅಕ್ಕಿಯಾಗಿಯೇ ಉಳಿಯುತ್ತಿತ್ತು. ಸೀರೆ ಉಡಿಸಲು ಬಾರದೆ ಅವಳಿಗೆ ನೈಟಿಯನ್ನೇ ತೊಡಿಸುತ್ತಿದ್ದ. ಬೆಳಗಿನ ಮಾತ್ರೆಯನ್ನು ಸಂಜೆ ಕೊಟ್ಟು, ಗೊತ್ತಾದ ಮೇಲೆ ತಲೆ ಚಚ್ಚಿಕೊಂಡಿದ್ದ. ಒಮ್ಮೆಯೂ ಅವಳ ಮೇಲೆ ರೇಗಿರಲಿಲ್ಲ. ಅದೇ ಅವಳಿಗೆ ಇನ್ನಷ್ಟು ಭಾರವಾಗಿತ್ತು.

ಶುಕ್ರವಾರ ಕೈಕಾಲು ಆಡಿಸಲು ಬಂದಿದ್ದ ಫಿಸಿಯೊಥೆರಪಿಯ ಅಮರನಾಥ್, ಅವಳಿಗೆ ಕೆಮ್ಮು ಹತ್ತಿಕೊಂಡಿದ್ದನ್ನು ಕಂಡು ಸುತ್ತ ನೋಡಿದ. ಹೂಗಳನ್ನು ಜೋಡಿಸಿಟ್ಟಿದ್ದ ಗೋಡೆಯ ಶೋಕೇಸಿನ ಮೇಲೆ ಬೆರಳೆಳೆದು ಉಮಾಶಂಕರನಿಗೆ ತೋರಿಸಿದ.

"ಸಾರ್, ಇದನ್ನ ನೋಡಿ. ಮೇಡಂಗೆ ಈಗ್ಲೇ ನುಂಗೋದು ಕಷ್ಟ. ಕೆಮ್ಮು ಜಾಸ್ತಿಯಾಗಿ ಕಫ ಎದೆಗೆ ಇಳಿದ್ರೆ ಮತ್ತೆ ಆಸ್ಪತ್ರೆಗೇ ಓಡ್ಬೇಕಾಗುತ್ತೆ. ಈ ಹೂವೆಲ್ಲಾ ಬರೀ ಧೂಳು. ತೆಗೆಸ್ಬಿಡಿ, ಇಲ್ಲಾಂದ್ರೆ ನೀಟಾಗಿ ತೊಳೆಸಿ."

"ತೆಗೆಯೋದಾ? ಅವಳ ಹೂವು ಕಣ್ರೀ ಅದು," ಎಂದ ಉಮಾಶಂಕರ. "ಭಾನುವಾರ ನಾನೇ ತೊಳೀತೀನಿ."

ಅವಳ ಹೂವೇ ಅವು. ಮುಳಬಾಗಿಲಿನಲ್ಲಿ ಸುನಂದಳ ತವರುಮನೆಯ ಪಕ್ಕದ ಓಣಿಯಲ್ಲಿ ಅಖ್ತರ್ ಬಾನು ಅವರ ಮನೆ ಇತ್ತು. ಮದುವೆಯ ಅಲಂಕಾರಕ್ಕೆ ಬಟ್ಟೆಯ ಹೂ ಮಾಡಿಕೊಡುವುದು ಆ ಮನೆಯ ಕಸುಬು. ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಶಾಲೆ ಬಿಟ್ಟೊಡನೆ ಸುನಂದ ಅಲ್ಲಿಗೆ ಓಡುತ್ತಿದ್ದಳು. ತೆಳ್ಳನೆಯ ಆರ್ಗಂಡಿ ಬಟ್ಟೆಗೆ ಮೈದಾ ಗಂಜಿ ಹಾಕಿ ಗರಿಗರಿಯಾಗಿ ಒಣಗಿಸುವುದು, ಎಸಳು ಎಸಳಾಗಿ ಕತ್ತರಿಸುವುದು, ಅಂಚಿನಿಂದ ನಡುವಿಗೆ ಬಣ್ಣ ಮಾಸುತ್ತ ಹೋಗುವಂತೆ ಕುಂಚದಲ್ಲಿ ಎಳೆಯುವುದು, ಕೆಂಡದಲ್ಲಿ ಕಾಯಿಸಿದ ಕಬ್ಬಿಣದ ಗುಂಡನ್ನು ಎಸಳಿನ ಮೇಲೊತ್ತಿ ಬಟ್ಟಲಿನ ಹಾಗೆ ಬಾಗಿಸುವುದು, ಎಲ್ಲವನ್ನೂ ಅವಳು ಖಾಲಾ, ಎಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಬಾನು ಕಲಿಸಿದ್ದರು. ಶೋಕೇಸಿನಲ್ಲಿದ್ದ ಮೂವತ್ತೆರಡು ಹೂಗಳು ಹಲವು ವರ್ಷಗಳಲ್ಲಿ ಒಂದೊಂದಾಗಿ ಆದವು. ಕೆಂಡಸಂಪಿಗೆ, ಶಂಖಪುಷ್ಪ, ಕಾಗೆ ಬಂಗಾರದ ಪುಡಿ ಉದುರಿಸಿದ ಗುಲಾಬಿ, ಹದಿನಾಲ್ಕನೆಯ ವಯಸ್ಸಿನಲ್ಲಿ ಮಾಡಿದ ಮೊದಲ ತಾವರೆ. ಅವುಗಳ ಜೊತೆಗೆ ಯಾರು ಯಾರೋ ಗೃಹಪ್ರವೇಶಕ್ಕೆ, ಹುಟ್ಟುಹಬ್ಬಕ್ಕೆ ಕೊಟ್ಟ ಪ್ಲಾಸ್ಟಿಕ್ ಹೂಗೊಂಚಲುಗಳೂ ಸೇರಿಕೊಂಡಿದ್ದವು.

ಪ್ರತಿ ವರ್ಷ ಸಂಕ್ರಾಂತಿಗೆ ಮುಂಚೆ, ಗಂಡ ಅಂಗಡಿಗೆ ಹೋದ ಮೇಲೆ, ಸುನಂದ ಅವನ್ನು ಚೊಕ್ಕ ಮಾಡುತ್ತಿದ್ದಳು. ಪ್ಲಾಸ್ಟಿಕ್ಕಿನವಕ್ಕೆ ಸೋಪುನೀರು. ಬಟ್ಟೆಯವಕ್ಕೆ ನೀರನ್ನು ಸೋಕಿಸುತ್ತಿರಲಿಲ್ಲ. ಒಂದು ಬಟ್ಟೆಚೀಲಕ್ಕೆ ಎರಡು ಹಿಡಿ ಕಲ್ಲುಪ್ಪು ಹಾಕಿ, ಐದಾರು ಹೂ ಇಟ್ಟು, ಬಾಯಿ ಹಿಡಿದು ಮೆಲ್ಲಗೆ ಕುಲುಕಿದರೆ ಧೂಳೆಲ್ಲ ಉಪ್ಪಿಗೆ ಅಂಟಿಕೊಂಡು, ಹೂ ಹಾಗೇ ಹಗುರಾಗಿ ಹೊರಬರುತ್ತಿತ್ತು. ಮುದುಡಿದ ಎಸಳನ್ನು ಕುದಿಯುವ ನೀರಿನ ಆವಿಗೆ ಒಂದು ಗಳಿಗೆ ಹಿಡಿದು ಬೆರಳಲ್ಲಿ ಎತ್ತಿ ನಿಲ್ಲಿಸುತ್ತಿದ್ದಳು. ಈ ಸಂಕ್ರಾಂತಿಯಲ್ಲಿ ಅವಳು ಮಂಚ ಬಿಟ್ಟೆದ್ದಿರಲಿಲ್ಲ. ಉಮಾಶಂಕರ ಈ ಕೆಲಸವನ್ನು ಒಂದು ಸಲವೂ ಕಣ್ಣಾರೆ ಕಂಡವನಲ್ಲ. ಸಂಜೆ ಬಂದಾಗ ಹೂ ಹೊಳೆಯುತ್ತಿದ್ದುದನ್ನಷ್ಟೇ ಕಂಡಿದ್ದ.

ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಅವನು ಲುಂಗಿ ಎತ್ತಿ ಕಟ್ಟಿ, ಸ್ಟೂಲು ಹಾಕಿಕೊಂಡು ಶೋಕೇಸಿನ ಗಾಜು ಸರಿಸಿದ.

"ಇವತ್ತು ನೀನು ಸುಮ್ನೆ ಕೂತು ನೋಡ್ತಾ ಇರು. ನಿನ್ ಹೂವನ್ನೆಲ್ಲಾ ಹೊಸದು ಮಾಡಿಬಿಡ್ತೀನಿ."

ಬಟ್ಟೆಯದನ್ನು ಬಿಟ್ಟುಬಿಡಿ, ಪ್ಲಾಸ್ಟಿಕ್ಕಿನದಷ್ಟೇ ತೊಳೀರಿ ಎಂದು ಹೇಳಲು ಸುನಂದ ಬಾಯಿ ತೆರೆದಳು. "ನಾಳೆ," ಎಂದಳು.

"ನಾಳೆ ಗೀಳೆ ಏನಿಲ್ಲ. ನಾಳೆ ಅಂಗಡಿ ತೆಗೀಬೇಕು. ಇವತ್ತೇ ಆಗ್ಬೇಕು."

ಆ ಮಾತಿಗೆ ಅರ್ಥವಿಲ್ಲ, ಅದು ಬರಿಯ ಸದ್ದು ಎಂದು ಡಾಕ್ಟರು ಅವನಿಗೆ ಬಿಡಿಸಿ ಹೇಳಿದ್ದರು. ಆದರೆ ಕಿವಿಗೆ ಬಿದ್ದ ಮಾತಿಗೆ ಅರ್ಥ ಹಚ್ಚದೆ ಇರಲು ಯಾರಿಂದಾದೀತು? ಅವನು ಪ್ಲಾಸ್ಟಿಕ್ಕು, ಬಟ್ಟೆ ಎನ್ನದೆ ಎಲ್ಲವನ್ನೂ ಒಂದೇ ತೆಕ್ಕೆಗೆ ಬಾಚಿಕೊಂಡು ಹಿತ್ತಲಿನ ಒಗೆಯುವ ಕಲ್ಲಿನತ್ತ ನಡೆದ. ಹಾಲಿನ ಕುರ್ಚಿಗೆ ಹಿಂಬಾಗಿಲು ನೇರ. ದೊಡ್ಡ ಟಬ್ಬಿಗೆ ಅವನು ಬಿಸಿನೀರು ಸುರಿದದ್ದು, ಅದರ ಮೇಲೆ ಸೋಪಿನ ಪುಡಿಯನ್ನು ಧಾರಾಳವಾಗಿ ಉದುರಿಸಿ ಕೈಯಾಡಿಸಿ ನೊರೆ ಎಬ್ಬಿಸಿದ್ದು, ಹೂಗಳನ್ನೆಲ್ಲ ಅದರೊಳಗೆ ಮುಳುಗಿಸಿದ್ದು ಎಲ್ಲ ಅವಳಿಗೆ ಕಾಣುತ್ತಿತ್ತು.

"ನಾಳೆ! ನಾಳೆ! ನಾಳೆ!"

ಅವನು ಒದ್ದೆ ಕೈಯಲ್ಲೇ ಓಡಿ ಬಂದ. "ಏನಾಯ್ತು? ಏನ್ ಬೇಕು?"

ಸುನಂದ ಎಡಗೈ ಎತ್ತಿ ಅಡುಗೆಮನೆ ತೋರಿಸಿದಳು. ಉಪ್ಪಿನ ಡಬ್ಬಿ ಅಲ್ಲಿ ಕಟ್ಟೆಯ ಮೂಲೆಯಲ್ಲಿತ್ತು. ಅವನು ಹೋಗಿ ಲೋಟದಲ್ಲಿ ನೀರು ತಂದು ತುಟಿಗಿಟ್ಟ. ತಲೆ ಹೊರಳಿಸಿದಳು. ಎಡಗೈಯನ್ನು ಮುಷ್ಟಿ ಮಾಡಿ, ಚೀಲ ಕುಲುಕುವ ಹಾಗೆ ಮೇಲೆ ಕೆಳಗೆ ಆಡಿಸಿ ತೋರಿಸಿದಳು. ಅವನ ಮುಖ ಬಿಳಿಚಿಕೊಂಡಿತು. ಇಂಥವರಿಗೆ ಫಿಟ್ಸ್ ಬರಬಹುದೆಂದು ಆಸ್ಪತ್ರೆಯಲ್ಲಿ ಹೇಳಿದ್ದು ನೆನಪಾಗಿರಬೇಕು. ಮುಷ್ಟಿಯನ್ನು ತನ್ನೆರಡು ಕೈಯಲ್ಲಿ ಹಿಡಿದು, "ಏನಿಲ್ಲ, ಏನಿಲ್ಲ, ಸಮಾಧಾನ ಮಾಡ್ಕೋ," ಎನ್ನುತ್ತ ಬೆನ್ನು ಸವರಿದ.

ಸುನಂದ ಅವನ ತೋಳನ್ನು ಹಿಡಿದು ಹಿಂಬಾಗಿಲಿನ ಕಡೆಗೆ ಎಳೆದಳು. ಅಲ್ಲಿಗೆ ಕರೆದುಕೊಂಡು ಹೋದರೆ ಸಾಕು, ಟಬ್ಬಿಗೆ ಕೈ ಹಾಕಿ ಒಂದೊಂದನ್ನೇ ತಾನೇ ಎತ್ತಿ ಹೊರಗಿಟ್ಟರೆ ಅವನಿಗೆ ತಿಳಿಯುತ್ತದೆ ಎಂದು ಅವಳ ಆಸೆ.

"ಓ, ಬಾತ್‌ರೂಮಿಗಾ? ಅಷ್ಟು ಹೇಳೋಕೆ ಇಷ್ಟೊಂದು ಯಾಕೆ ಒದ್ದಾಡ್ತೀಯೇ," ಎಂದು ಅವನು ಅವಳನ್ನು ಎಬ್ಬಿಸಿ, ಸೊಂಟ ಬಳಸಿ, ಹೆಜ್ಜೆ ಹೆಜ್ಜೆಗೂ ನಿಂತು, ಹಿಂಬಾಗಿಲಿಗೆ ಮುಂಚೆಯೇ ಎಡಕ್ಕಿದ್ದ ಬಚ್ಚಲಿಗೆ ತಿರುಗಿಸಿಬಿಟ್ಟ. ಕಮೋಡಿನ ಮೇಲೆ ಕೂರಿಸಿ, ಮರ್ಯಾದೆಗೆ ಬಾಗಿಲು ಅರೆ ಮುಚ್ಚಿ ಹೊರಗೆ ನಿಂತ. ಅವಳಿಗೆ ಬೇಕಿಲ್ಲದ ಜಾಗದಲ್ಲಿ ಅವಳು ಕೂತಿದ್ದಳು. ಗೋಡೆಯ ಆಚೆ, ನಾಲ್ಕು ಮಾರು ದೂರದಲ್ಲಿ, ಟಬ್ಬಿನ ನೊರೆಯಲ್ಲಿ ಹೂಗಳು ನೆನೆಯುತ್ತಿದ್ದವು. ಬಿಸಿನೀರಿನಲ್ಲಿ ಗಂಜಿ ಬಿಡಲು ಎಷ್ಟು ಹೊತ್ತು ಬೇಕೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೊದಲು ಗಂಜಿ, ಆಮೇಲೆ ಬಣ್ಣ, ಕೊನೆಗೆ ಅಂಟು.

"ಆಯ್ತಾ?" ಅವನು ಕೇಳಿದ. "ಅವಸರ ಇಲ್ಲ. ನಿಧಾನಕ್ಕೆ."

ಮತ್ತೆ ತಂದು ಕುರ್ಚಿಯಲ್ಲಿ ಕೂರಿಸಿ, ಫ್ಯಾನು ಜೋರು ಮಾಡಿ, ಅವನು ಟಬ್ಬಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಬಟ್ಟೆ ಉಜ್ಜುವ ಬ್ರಷ್ಷು ತೆಗೆದುಕೊಂಡ. ಪ್ಲಾಸ್ಟಿಕ್ ಗೊಂಚಲುಗಳು ಒಂದೊಂದಾಗಿ ಹೊಚ್ಚ ಹೊಸದಾಗಿ ಹೊರಬಂದವು. ಟಬ್ಬಿನ ನೀರು ಮೊದಲು ಕಪ್ಪಗಿದ್ದುದು ಆಮೇಲೆ ಕೆಂಪಾಯಿತು.

"ನೋಡಿದ್ಯಾ ಸುನಂದ, ಎಷ್ಟು ಮಣ್ಣು ಬಿಡ್ತಾ ಇದೆ!" ಅವನು ಕೂಗಿ ಹೇಳಿದ. "ಎಲ್ಲಾ ನಮ್ಮ ರೋಡಿನ ಕೆಮ್ಮಣ್ಣು. ಇದನ್ನೇ ನೀನು ಕುಡೀತಿದ್ದೆ ಉಸಿರಲ್ಲಿ."

ಅದು ಮಣ್ಣಲ್ಲ, ಗುಲಾಬಿಯ ಕೆಂಪು. ಹಿಂದೆಯೇ ಸಂಪಿಗೆಯ ಕೇಸರಿ ಬಂತು, ಶಂಖಪುಷ್ಪದ ನೀಲಿಯೂ ಬಂದು ಬೆರೆತು ನೀರು ನೇರಳೆಹಣ್ಣಿನ ರಸದಂತಾಯಿತು. ಅವನು ಅದನ್ನು ಚೆಲ್ಲಿ ಹೊಸ ನೀರು ಹಿಡಿದ. ಆ ನೀರೂ ಕೆಂಪಾಯಿತು. ಇನ್ನೊಮ್ಮೆ ಚೆಲ್ಲಿದ. ಸುನಂದ ಪಕ್ಕದ ಸ್ಟೂಲಿನ ಮೇಲಿದ್ದ ಸ್ಟೀಲ್ ಲೋಟವನ್ನು ಎಡಗೈಯಲ್ಲಿ ಎತ್ತಿ ಎಸೆದಳು. ಅದು ಹಿಂಬಾಗಿಲನ್ನೂ ಮುಟ್ಟದೆ ಟೀವಿಯ ಕೆಳಗೆ ಉರುಳಿಕೊಂಡಿತು.

ಸದ್ದಿಗೆ ಇಣುಕಿದ್ದು ಕಾಂಪೌಂಡಿನ ಆಚೆಯ ಭಾರತಮ್ಮ. ಟಬ್ಬಿನ ಮುಂದೆ ಕೂತ ಉಮಾಶಂಕರನನ್ನು ನೋಡಿ ಆಕೆಯ ಮುಖ ಅರಳಿತು.

"ಅಯ್ಯೋ ತಲ್ಲೀ ಸುನಂದಾ, ಪುಣ್ಯ ಮಾಡಿದ್ದೆ ಕಣಮ್ಮಾ ನೀನು! ನಮ್ಮನೇವ್ರು ತಾವು ಕುಡಿದ ಲೋಟ ತೊಳೆಯಲ್ಲ, ಇವ್ರು ನೋಡು, ಹೆಂಡ್ತಿ ಹೂವು ತೊಳೀತಾರೆ."

ಉಮಾಶಂಕರ ನಾಚಿ ನಕ್ಕ. ಐದು ತಿಂಗಳಲ್ಲಿ ಅವನು ನಕ್ಕದ್ದು ಅದೇ ಮೊದಲಿರಬೇಕು. ಆಮೇಲೆ ಹೂಗಳನ್ನು ಬಟ್ಟೆ ಕ್ಲಿಪ್ಪಿನಲ್ಲಿ ಸಿಕ್ಕಿಸಿ, ತಲೆಕೆಳಗಾಗಿ ತಂತಿಗೆ ನೇತುಹಾಕುವಾಗ ಏನೋ ಹಳೆಯ ಹಾಡನ್ನು ಗುನುಗುತ್ತಿದ್ದ.

ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಮುಂಬಾಗಿಲಲ್ಲಿ ಯಾರೋ ಕೂಗಿದರು. ಬುರ್ಖಾದ ಮೇಲ್ಮುಸುಕು ಹಿಂದಕ್ಕೆ ಸರಿಸಿ, ಕೈಯಲ್ಲೊಂದು ಬುಟ್ಟಿಚೀಲ ಹಿಡಿದು, ಬಿಸಿಲಿಗೆ ಏದುಸಿರು ಬಿಡುತ್ತ ನಿಂತಿದ್ದವರು ಅಖ್ತರ್ ಬಾನು. ಎಪ್ಪತ್ತರ ಹತ್ತಿರದ ಜೀವ. ಚೈತನ್ಯ ಹೋದ ವಾರ ಫೋನು ಮಾಡಿದಾಗಲೇ ಅವರಿಗೆ ವಿಷಯ ತಿಳಿದದ್ದು. ಮುಳಬಾಗಿಲಿನಿಂದ ಬಸ್ಸು ಹತ್ತಿ ಒಬ್ಬರೇ ಬಂದಿದ್ದರು.

"ಸುನಂದಾ ಬೇಟಿ," ಎಂದು ಬಂದು ಅವಳ ಬಲಗೈಯನ್ನೇ ಎತ್ತಿಕೊಂಡರು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು, ಅವು ಮತ್ತೆ ಮಡಚಿಕೊಂಡವು. "ಈ ಕೈಗೇ ಆಗ್ಬೇಕಿತ್ತಾ ಯಾ ಅಲ್ಲಾ," ಎಂದು ಅದನ್ನು ಎದೆಗೊತ್ತಿಕೊಂಡು ಅತ್ತರು. ಸುನಂದಳೂ ಅತ್ತಳು. ಅಳುವುದಕ್ಕೆ ಮಾತು ಬೇಕಿರಲಿಲ್ಲ.

ಉಮಾಶಂಕರ ಮಜ್ಜಿಗೆ ತಂದುಕೊಟ್ಟ. ದುಃಖದ ಮನೆಗೆ ಒಂದು ಒಳ್ಳೆಯ ಸುದ್ದಿ ಬೇಕೆಂಬಂತೆ ಹೇಳಿದ: "ಬನ್ನಿ ಖಾಲಾ, ನೀವು ಕಲಿಸಿದ ಹೂವೇ. ಬೆಳಿಗ್ಗೆಯಿಂದ ಕೂತು ಎಲ್ಲಾ ತೊಳ್ದಿದ್ದೀನಿ. ಪ್ಲಾಸ್ಟಿಕ್ಕಿಂದು ನೋಡಿ ಹೆಂಗೆ ಪಳಪಳ ಅಂತಿದೆ. ಬಟ್ಟೇದು ಇನ್ನೂ ಒಣಗ್ಬೇಕು, ಒಣಗಿದ್ಮೇಲೆ ಅರಳುತ್ತೆ."

ಬಾನು ಹಿತ್ತಲಿಗೆ ಹೋದರು. ಸುನಂದ ಕುರ್ಚಿಯಿಂದಲೇ ನೋಡುತ್ತಿದ್ದಳು. ತಂತಿಯ ಮೇಲೆ ಒದ್ದೆ ಕರ್ಚೀಫಿನ ತುಂಡುಗಳಂತೆ ಏನೋ ಜೋತಾಡುತ್ತಿತ್ತು. ಬಾನು ಒಂದನ್ನು ಅಂಗೈಯಲ್ಲಿ ಹಿಡಿದರು. ಎಸಳೊಂದು ಕಳಚಿ ಅಂಗೈಯಲ್ಲೇ ಉಳಿಯಿತು. ಇನ್ನೊಂದರ ಹತ್ತಿರ ಹೋಗಿ ಬಹಳ ಹೊತ್ತು ನಿಂತರು. ಅದು ತಾವರೆಯೇ ಇರಬೇಕು. ಆಮೇಲೆ ತಿರುಗಿ, ಬಾಗಿಲಿನ ಮೂಲಕ ಸುನಂದಳ ಮುಖ ನೋಡಿದರು. ಬೆಳಿಗ್ಗೆಯಿಂದ ಈ ಮನೆಯಲ್ಲಿ ನಡೆದದ್ದಷ್ಟೂ ಆ ಒಂದು ನೋಟಕ್ಕೆ ತಿಳಿದುಹೋಯಿತು.

ಆಗ ಸುನಂದಳಿಗೆ ಹೊಸದೊಂದು ಭಯ ಹುಟ್ಟಿತು. ಹೂ ಹೋದದ್ದು ಹೋಯಿತು. ಇನ್ನು ಅವನಿಗೆ ತಿಳಿದು ಆಗಬೇಕಾದ್ದೇನು? ತಾನು ಮಾಡಿದ ಒಂದೇ ಒಂದು ಕೆಲಸ ಚೆನ್ನಾಗಿ ಆಯಿತೆಂದು ನಂಬಿ ಅವನು ಇವತ್ತು ಹಾಡು ಗುನುಗಿದ್ದಾನೆ. ಹಳೆಯ ಬಟ್ಟೆ, ಬಿಸಿಲಿಗೆ ಮಾಸಿತು ಎಂದುಕೊಂಡು ಸುಮ್ಮನಾಗಲಿ. ಹೇಳಬೇಡಿ ಖಾಲಾ, ನಿಮ್ಮ ದಮ್ಮಯ್ಯ, ಹೇಳಬೇಡಿ. ಅವಳು ಜೋರಾಗಿ ತಲೆಯಾಡಿಸಿದಳು.

"ನಾಳೆ! ನಾಳೆ, ನಾಳೆ!"

ಬಾನು ಬೇಗ ಬೇಗ ಒಳಗೆ ಬಂದು ಅವಳ ತಲೆಯನ್ನು ತಮ್ಮ ಹೊಟ್ಟೆಗೆ ಒರಗಿಸಿಕೊಂಡರು. "ಗೊತ್ತಾಯ್ತು ಬೇಟಿ. ನೀನು ಒದ್ದಾಡ್ಬೇಡ. ನಿನ್ ಪರವಾಗಿ ನಾನು ಹೇಳ್ತೀನಿ." ಸುನಂದ ಅವರ ಬುರ್ಖಾದ ಅಂಚನ್ನು ಹಿಡಿದು ಜಗ್ಗಿದಳು. ಅವರು ಆ ಕೈಯನ್ನು ಮೃದುವಾಗಿ ತಟ್ಟಿ, ಉಮಾಶಂಕರನತ್ತ ತಿರುಗಿದರು.

"ಭೈಯ್ಯಾ, ಬಟ್ಟೆ ಹೂವಿಗೆ ನೀರು ತೋರಿಸ್ಬಾರ್ದಿತ್ತು. ಗಂಜಿ ಮೇಲೇ ಅದು ನಿಂತಿರೋದು. ಕಲ್ಲುಪ್ಪು ಚೀಲದಲ್ಲಿ ಹಾಕಿ ಕುಲುಕ್ತಾರೆ, ಅಷ್ಟೇ. ಪಾಪ, ಇವಳು ಅದನ್ನೇ ಹೇಳೋಕೆ ಹೋಗಿರ್ತಾಳೆ ನಿಮಗೆ."

"ಇಲ್ಲ ಖಾಲಾ, ಅದು ಮಣ್ಣು... ಒಣಗಿದ್ರೆ..." ಎಂದವನು ಅಲ್ಲಿಗೇ ನಿಂತ. ಅವನ ಕಣ್ಣು ಅಡುಗೆಮನೆಯ ಕಡೆ ಹೋಯಿತು. ಅಲ್ಲಿಂದ ಹೆಂಡತಿಯ ಎಡಗೈಗೆ ಬಂತು. ಆ ಮುಷ್ಟಿ, ಆ ಕುಲುಕಾಟ, ಆ ಎಳೆದಾಟ ಎಲ್ಲ ಅವನಿಗೆ ಒಂದಾದ ಮೇಲೊಂದು ಬಿಡಿಸಿಕೊಳ್ಳುತ್ತಿದ್ದುದು ಅವನ ಮುಖದಲ್ಲೇ ಕಾಣುತ್ತಿತ್ತು.

"ಮತ್ತೆ ಒಂದ್ ಮಾತು ಹೇಳ್ಬಾರ್ದಿತ್ತೇನೇ ನೀನು!" ಎಂದ ಅವನು, ಗದರಿದಂತೆ. ಹೇಳಿದ ಮೇಲೆ ಆ ಮಾತು ಅವನದೇ ಕಿವಿಗೆ ಬಿತ್ತು. ಬಾಯಿಗೆ ಕೈ ಅಡ್ಡ ಹಿಡಿದುಕೊಂಡ. ದುಃಖ ಉಕ್ಕಿದರೆ ಅವನ ನಾಲಿಗೆ ಮನೆಮಾತಾದ ತೆಲುಗಿಗೆ ಹೊರಳುತ್ತಿತ್ತು. "ಎಂತ ಪನಿ ಚೇಸ್ತಿನೇ... ಎಂತ ಪನಿ ಚೇಸ್ತಿನೇ ತಲ್ಲೀ," ಎಂದು ತಾನು ಮಾಡಿದ ಕೆಲಸಕ್ಕೆ ಹಲುಬುತ್ತ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ. ನಲ್ಲಿ ಪೂರ್ತಿ ಬಿಟ್ಟ ಸದ್ದಾಯಿತು. ಆ ನೀರಿನ ಸದ್ದಿನ ಅಡಿಯಲ್ಲಿ ಇನ್ನೊಂದು ಸದ್ದು ಇದ್ದುದು ಇಬ್ಬರು ಹೆಂಗಸರಿಗೂ ಕೇಳಿಸಿತು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವನು ಅತ್ತದ್ದನ್ನು ಸುನಂದ ಕೇಳಿರಲಿಲ್ಲ. ಹತ್ತು ಹೆಜ್ಜೆ ನಡೆದರೆ ಬಚ್ಚಲ ಬಾಗಿಲು. ಆ ಹತ್ತು ಹೆಜ್ಜೆ ಅವಳಲ್ಲಿರಲಿಲ್ಲ.

ಬಾನು ಕೈಲಾದದ್ದು ಮಾಡಿದರು. ಮೈದಾ ಗಂಜಿ ಕಾಯಿಸಿ, ಕೊಂಚವಾದರೂ ಆಕಾರ ಉಳಿದಿದ್ದವನ್ನು ಆರಿಸಿ, ಗಂಜಿಯಲ್ಲಿ ಅದ್ದಿ ತಟ್ಟೆಯ ಮೇಲೆ ಹರಡಿದರು. ಮೂವತ್ತೆರಡರಲ್ಲಿ ಐದು ನಿಂತವು. ಅವೂ ಈಗ ಒಂದೇ ಬಣ್ಣದವು, ಮಾಸಲು ಬೂದು. ಸಂಪಿಗೆ ಯಾವುದು, ಗುಲಾಬಿ ಯಾವುದು ಎಂದು ಎಸಳು ಕತ್ತರಿಸಿದ ಆಕಾರದಿಂದಷ್ಟೇ ಹೇಳಬೇಕಿತ್ತು. ತಾವರೆ ನಿಲ್ಲಲಿಲ್ಲ.

"ಬಣ್ಣ ತಂದು ಹಾಕ್ಬೋದು ಬೇಟಿ," ಎಂದರು ಬಾನು, ಅವಳ ಎದುರು ಕೂತು. "ಆದ್ರೆ ಅದು ನನ್ ಕೈಯಾಗುತ್ತೆ, ನಿನ್ನದಲ್ಲ. ನನ್ ಕಣ್ಣಿಗೂ ಈಗ ಅಂಚು ಕಾಣಲ್ಲ. ಸುಳ್ಳು ಯಾಕೆ ಹೇಳ್ಲಿ." ಐದು ಗಂಟೆಯ ಬಸ್ಸಿಗೆ ಅವರು ಎದ್ದರು. ಬಾಗಿಲಲ್ಲಿ ನಿಂತು, "ಭೈಯ್ಯಾ, ನಾನು ಬಾಯಿ ಬಿಡ್ಬಾರ್ದಿತ್ತೇನೋ," ಎಂದರು. ಉಮಾಶಂಕರ ಚೀಲ ಎತ್ತಿಕೊಂಡು ಬಸ್‌ಸ್ಟಾಂಡಿನ ತನಕ ಬಿಟ್ಟುಬಂದ.

ಸಂಜೆ ಚೈತನ್ಯಳ ವೀಡಿಯೊ ಕರೆ ಬಂತು. ಅವನು ಫೋನನ್ನು ಹೆಂಡತಿಯ ಮುಖಕ್ಕೆ ಹಿಡಿದ. ಹಿಂದೆ ಶೋಕೇಸು ಕಾಣುತ್ತಿತ್ತು, ಪ್ಲಾಸ್ಟಿಕ್ ಹೂಗಳು ಲೈಟಿಗೆ ಹೊಳೆಯುತ್ತಿದ್ದವು.

"ಅಪ್ಪಾ, ಮನೆ ಕ್ಲೀನ್ ಮಾಡಿದ್ದೀಯಾ! ಎಲ್ಲಾ ಹೊಸದಾಗಿ ಕಾಣ್ತಿದೆ. ಅಮ್ಮನ ಹೂವೆಲ್ಲಿ?"

ಉಮಾಶಂಕರ ಬಾಯಿ ತೆರೆದ. ತಟ್ಟೆಯ ಮೇಲಿದ್ದ ಐದು ಹೂಗಳತ್ತ ಕಣ್ಣು ಹೋಯಿತು. "ಒಣಗ್ತಾ ಇದೆ," ಎಂದ ಕೊನೆಗೆ. "ಓದ್ಕೋ ಹೋಗು."

ಫೋನು ಇಟ್ಟು ಅವನು ಅವಳ ಕುರ್ಚಿಯ ಮುಂದೆ ನೆಲದ ಮೇಲೆ ಕೂತ. ಉಗುರಿನ ಸಂದಿಯಲ್ಲಿ ನೇರಳೆ ಬಣ್ಣ ಹಾಗೇ ಇತ್ತು. ಬಹಳ ಹೊತ್ತು ಅದನ್ನು ಇನ್ನೊಂದು ಉಗುರಿನಿಂದ ಕೆರೆಯುತ್ತಿದ್ದು, ತಲೆಯೆತ್ತದೆ ಕೇಳಿದ.

"ಕೋಪ ಬಂದಿದೆಯಾ ನನ್ ಮೇಲೆ?"

ಸುನಂದ ಇಲ್ಲವೆಂದು ತಲೆಯಾಡಿಸಿದಳು.

"ನಿಜ ಹೇಳು."

ಮತ್ತೆ ಆಡಿಸಿದಳು, ಇನ್ನೂ ಜೋರಾಗಿ. ನಿಮ್ಮ ಮೇಲೆ ನನಗೆ ಏನೇನೂ ಇಲ್ಲ, ನನಗೋಸ್ಕರ ಇಷ್ಟು ಮಾಡುವವರು ಇನ್ನಾರಿದ್ದಾರೆ, ಬಟ್ಟೆಯ ಹೂವಿಗೆ ಇಷ್ಟು ಅತ್ತರೆ ಹೇಗೆ ಎಂಬ ಮಾತೆಲ್ಲ ಸಾಲಾಗಿ ಬಂದು ನಾಲಿಗೆಯ ಹಿಂದೆ ನಿಂತಿತು. ಅವಳು ತುಟಿ ಬಿಗಿಹಿಡಿದಳು. ಈಗಲೂ ಆ 'ನಾಳೆ'ಯೇ ಬಾಯಿಂದ ಬಿದ್ದರೆ ಅವನು ಅದಕ್ಕೊಂದು ಅರ್ಥ ಹಚ್ಚಿಬಿಡುತ್ತಾನೆ. ಎಡಗೈ ಚಾಚಿ ಅವನ ಕೆನ್ನೆ ಮುಟ್ಟಿದಳು.

ಅವನು ಆ ಕೈಯನ್ನು ಹಿಡಿದುಕೊಂಡ. ಅವಳ ಮುಖವನ್ನೇ ನೋಡಿದ.

"ನನ್ ಸಮಾಧಾನಕ್ಕೆ ಹಂಗಂತೀಯ. ನನಗೆ ಗೊತ್ತಾಗಲ್ವಾ," ಎಂದು ಎದ್ದು, ಅಕ್ಕಿ ತೊಳೆಯಲು ಅಡುಗೆಮನೆಗೆ ಹೋದ.